ಇಂಜಿನ್ ಸಾಫ್ ಬಾಟ್ಲಿಯ ಮೇಲಿನ ಮುಖ

ಥೂ! ಆ ಬಾಟ್ಲಿ ನೆನಪಾದರೆ ಇವತ್ತಿಗೂ ಬಾಯಲ್ಲಿ ಎಂಜಲು ಕೂಡುತ್ತದೆ, ಉಗಿಯಬೇಕೆನಿಸುತ್ತದೆ. ಉಗಿಯುವುದಾದರೂ ಯಾರ ಮುಖಕ್ಕೆ? ಬಾಟ್ಲಿಯ ಮೇಲಿದ್ದದ್ದು ನನ್ನದೇ ಮುಖ.

ನಾನು ಶರೀಫ್. ಚಳ್ಳಕೆರೆಯಲ್ಲಿ ಪಾವಗಡ ರಸ್ತೆಗೆ ನನ್ನ ಗ್ಯಾರೇಜು, ಅದರ ಹಿಂದೆಯೇ ಮನೆ. ಮೂವತ್ತು ವರ್ಷ ಜೀಪು, ಮೆಟಡೋರು, ಟ್ರ್ಯಾಕ್ಟರುಗಳ ಹೊಟ್ಟೆಯಲ್ಲಿ ಕೈಯಾಡಿಸಿದವನು. ನನ್ನ ಕೈಗಿಂತ ನನ್ನ ಮೂಗಿಗೆ ಹೆಸರು ಜಾಸ್ತಿ. ಆಯಿಲ್ ಅಳೆಯುವ ಕಡ್ಡಿ ಎಳೆದು ಮೂಸಿದರೆ ಸಾಕು, ಒಳಗೆ ಡೀಸೆಲ್ ಇಳಿದಿದೆಯೋ, ಎಣ್ಣೆ ಸುಟ್ಟಿದೆಯೋ ಹೇಳಿಬಿಡುತ್ತಿದ್ದೆ. ಮೊಳಕಾಲ್ಮೂರಿನ ಕಡೆಯಿಂದಲೂ ಗಾಡಿಗಳು ಬರುತ್ತಿದ್ದದ್ದು ಈ ಮೂಗನ್ನು ನಂಬಿ. "ಸಾಬ್ರು ಮೂಸಿ ಹೇಳಿದ್ರು" ಅಂದರೆ ಮುಗಿಯಿತು, ಆಮೇಲೆ ಮಾತಿಲ್ಲ.

ಇಂಜಿನ್ ತೊಳೆಯುವುದಕ್ಕೂ ನನ್ನದೊಂದು ಕ್ರಮವಿತ್ತು. ಹಳೇ ಆಯಿಲ್ ಇಳಿಸಿ, ತೆಳ್ಳನೆಯ ಆಯಿಲಿಗೆ ಒಂದಿಷ್ಟು ಡೀಸೆಲ್ ಬೆರೆಸಿ ಹುಯ್ದು, ಹತ್ತು ನಿಮಿಷ ಸಣ್ಣಗೆ ಓಡಿಸಿ, ಬಿಸಿ ಇರುವಾಗಲೇ ಅದನ್ನೂ ಇಳಿಸಬೇಕು. ಅಲ್ಲಿಗೆ ಅರ್ಧ ಕೆಲಸ. ಆಮೇಲೆ ಗಾಡಿಯಡಿ ಮಲಗಿ, ಇಂಜಿನ್ನಿನ ತಳದ ಎಣ್ಣೆ ತೊಟ್ಟಿಯನ್ನು, ನಾವು ಚೇಂಬರ್ ಅನ್ನುತ್ತೇವೆ, ಅದನ್ನು ಬಿಚ್ಚಿ, ಎಣ್ಣೆ ಹೀರುವ ಜಾಳಿಗೆಯನ್ನು ಕೈಯಲ್ಲೇ ತಿಕ್ಕಬೇಕು. ಕರಗಿದ ಕೊಳೆಯೆಲ್ಲ ಬಂದು ಕೂರುವುದು ಅಲ್ಲೇ. ಜಾಳಿಗೆ ಕಟ್ಟಿದರೆ ಇಂಜಿನ್ನಿಗೆ ಎಣ್ಣೆ ಏರುವುದಿಲ್ಲ, ಇಂಜಿನ್ ಸುಟ್ಟು ಹೋಗುತ್ತದೆ. ಗಿರಾಕಿಗಳಿಗೆ ಮನಸ್ಸಿನಲ್ಲಿರಲಿ ಎಂದು ಒಂದು ಮಾತು ಹೇಳುತ್ತಿದ್ದೆ: "ಮಕ್ಕಳಿಗೆ ಹರಳೆಣ್ಣೆ, ಇಂಜಿನ್ನಿಗೆ ಡೀಸೆಲ್ಲು. ವರ್ಷಕ್ಕೊಂದ್ಸಲ ಹೊಟ್ಟೆ ತೊಳೀಬೇಕು." ಆ ಮಾತೂ ಬಾಟ್ಲಿಯ ಮೇಲೆ ಅಚ್ಚಾಯಿತು, ಹಾಳಾಗಿ ಹೋಗಲಿ.

ಅಚ್ಚು ಹಾಕಿಸಿದವನು ನನ್ನ ಅಳಿಯ ಶಹನವಾಜ್. ಅವನು ಕೆಲಸಕ್ಕಿದ್ದ ಕಡಲೆ ಎಣ್ಣೆ ಮಿಲ್ಲು ಎರಡು ಸಾವಿರದ ಇಸವಿಯಲ್ಲಿ ಮುಚ್ಚಿತು. ಆರು ತಿಂಗಳು ಮನೆಯಲ್ಲಿ ಗೋಡೆ ನೋಡುತ್ತ ಕೂತ. ಮಗಳು ಶಹನಾಜಳ ಮುಖ ಬಾಡಿಹೋಯಿತು. ಆಮೇಲೆ ಒಂದು ದಿನ ಇಬ್ಬರೂ ಗ್ಯಾರೇಜಿಗೆ ಬಂದರು. ಅವನ ಕೈಯಲ್ಲಿ ಕೆಂಪು ದ್ರವ ತುಂಬಿದ ಬಾಟ್ಲಿ. 'ಶರೀಫ್ ಇಂಜಿನ್ ಸಾಫ್'!

"ಆಯಿಲ್ ಇಳಿಸೋದು ಬ್ಯಾಡ, ಚೇಂಬರ್ ಬಿಚ್ಚೋದು ಬ್ಯಾಡ ಮಾಮು," ಎಂದ. "ಇರೋ ಆಯಿಲಿಗೇ ಹುಯ್ದು ಗಾಡಿ ಓಡಿಸ್ತಾ ಇದ್ರೆ ಆತು. ಕೊಳೆ ತಾನೇ ಕರಗ್ತೈತೆ. ದಾವಣಗೆರೆ ಫಾರ್ಮುಲಾ."

ಮುಚ್ಚಳ ತಿರುಗಿಸಿ ಮೂಸಿದೆ. ಮೊದಲು ಸೀಮೆಎಣ್ಣೆ. ಅದರಡಿಯಲ್ಲಿ ಇನ್ನೊಂದು ವಾಸನೆ, ಮಿಲ್ಲಿನ ಪೀಪಾಯಿಗಳ ತಳದಲ್ಲಿ ವರ್ಷಗಟ್ಟಲೆ ಕೊಳೆತ ಕಡಲೆ ಎಣ್ಣೆಯ ಗಸಿ. ಚಳ್ಳಕೆರೆಯಲ್ಲಿ ಹುಟ್ಟಿದವನಿಗೆ ಆ ಕಮಟು ಗೊತ್ತಾಗದೆ ಇರುತ್ತದೆಯೇ? ಬಜ್ಜಿಯ ಎಣ್ಣೆ ಬಾಣಲೆಗೆ ಅಂಟಿಕೊಳ್ಳುವ ಹಾಗೆ ಇದು ಬಿಸಿ ಇಂಜಿನ್ನಿನಲ್ಲಿ ಅಂಟಾಗುತ್ತದೆ ಎಂದು ಆ ಕ್ಷಣವೇ ತಿಳಿಯಿತು. ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಬಾಟ್ಲಿ ತಿರುಗಿಸಿ ಚೀಟಿ ತೋರಿಸಿದ. ಟೋಪಿ ಹಾಕಿ, ಗಡ್ಡ ಬಾಚಿಕೊಂಡ ನನ್ನ ಮುಖ, ಬಣ್ಣಬಣ್ಣದಲ್ಲಿ! ಅರವತ್ತು ವರ್ಷದಲ್ಲಿ ನನ್ನ ಮುಖ ಎಲ್ಲೂ ಅಚ್ಚಾಗಿರಲಿಲ್ಲ. ಹಿಂದೆ ನಿಂತಿದ್ದ ಮಗಳು ನಗುತ್ತಿದ್ದಳು. ಅವಳು ನಕ್ಕು ಎಷ್ಟು ತಿಂಗಳಾಗಿತ್ತೋ.

"ಚೆನ್ನಾಗೈತೆ" ಎಂದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಬಾಟ್ಲಿ ಮಾರಾಟ ಶುರುವಾಗಿ ಮೂರು ತಿಂಗಳು ಕಳೆದಿರಬೇಕು. ಕೊಂಡ್ಲಹಳ್ಳಿಯ ಹನುಮಣ್ಣನ ಜೀಪನ್ನು ಟ್ರ್ಯಾಕ್ಟರೊಂದು ಎಳೆದುಕೊಂಡು ಬಂತು. ಕಡಲೆಕಾಯಿ ಬೆಳೆಯುವ ಹನುಮಣ್ಣ ಬೇಸಾಯದ ಜೊತೆಗೆ ಮೊಳಕಾಲ್ಮೂರಿಗೆ ಜೀಪು ಓಡಿಸುತ್ತಿದ್ದ. ಹದಿನೈದು ವರ್ಷದಿಂದ ನನ್ನನ್ನು ಕೇಳದೆ ಒಂದು ನಟ್ಟನ್ನೂ ಬಿಗಿಸಿದವನಲ್ಲ.

"ಬಿ.ಜಿ. ಕೆರೆ ದಾಟಿದ್ದೆ ಸಾಬ್ರೆ. ಕಟಕಟ ಅಂತು, ಗಪ್ಪಂತ ನಿಂತೋತು. ಹನ್ನೆರಡು ಜನ ಬಿಸ್ಲಾಗೆ ಇಳಿದು ನಡ್ಕಂಡು ಹೋದ್ರು."

"ಆಯಿಲಿಗೆ ಏನಾರ ಹಾಕಿದ್ಯಾ?" ಗೊತ್ತಿದ್ದೂ ಕೇಳಿದೆ.

"ನಿಮ್ದೇ ಇಂಜಿನ್ ಸಾಫ್. ನನ್ನ ಮಗಳು ಆಶಾಗೆ ಒಂದು ಚಮಚ ಹರಳೆಣ್ಣೆಗೆ ಹೊಟ್ಟೆ ಬಿಡ್ಲಿಲ್ಲಾಂದ್ರೆ ನಮ್ಮವ್ವ ಇನ್ನೊಂದು ಕುಡಿಸ್ತಾಳೆ. ಇದೂ ಹಳೇ ಇಂಜಿನ್ನು, ಹೊಟ್ಟೆ ಕಟ್ಟಿರ್ತೈತೆ ಅಂತ ಎರಡು ಬಾಟ್ಲಿ ಹುಯ್ದೆ."

ಹೇಳಿ ನಕ್ಕ. ಸ್ಟೇರಿಂಗಿನ ಮುಂದೆ, ಆಂಜನೇಯನ ಪಟದ ಪಕ್ಕದಲ್ಲಿ, ಬಾಟ್ಲಿಯಿಂದ ಕಿತ್ತ ನನ್ನ ಮುಖವನ್ನು ಅಂಟಿಸಿಕೊಂಡಿದ್ದ ಪುಣ್ಯಾತ್ಮ.

ಜೀಪಿನಡಿ ಮಲಗಿ ಚೇಂಬರ್ ಬಿಚ್ಚಿದೆ. ತೋಬಾ ತೋಬಾ! ಎಣ್ಣೆ ಸುರಿಯಲಿಲ್ಲ. ತಳ ಹಿಡಿದ ಬೆಲ್ಲದ ಪಾಕದಂಥ ಕರಿ ಅಂಟು ಎಳೆಎಳೆಯಾಗಿ ಜೋತು ನನ್ನ ಎದೆಯ ಮೇಲೆ, ಗಡ್ಡದ ಮೇಲೆ ಇಳಿಯಿತು. ಜಾಳಿಗೆಯ ಒಂದು ಕಣ್ಣೂ ಕಾಣುತ್ತಿರಲಿಲ್ಲ. ಸೀಮೆಎಣ್ಣೆ ಕರಗಿಸಿದ ಹಳೇ ಮಸಿಯನ್ನೆಲ್ಲ ಈ ಗಸಿ ಹಿಡಿದು ಮೆತ್ತಿಬಿಟ್ಟಿತ್ತು. ಬೇರಿಂಗುಗಳು ಸುಟ್ಟು ಕರಗಿದ್ದವು. ವಾಸನೆಯನ್ನಂತೂ ಕೇಳಬೇಡಿ, ಹಳಸಿದ ಎಣ್ಣೆಯಲ್ಲಿ ಹೆಗ್ಗಣ ಸತ್ತಂತೆ. ಎದ್ದು ಹೋಗಿ ಗೋಡೆ ಹಿಡಿದು ಕಕ್ಕಿದೆ. ಇಂಜಿನ್ ನೋಡಿ ನಾನು ಕಕ್ಕಿದ್ದು ಜೀವಮಾನದಲ್ಲಿ ಅದೊಂದೇ ಸಲ.

"ಏನಾಗೈತೆ ಸಾಬ್ರೆ?" ಹನುಮಣ್ಣ ನೀರಿನ ತಂಬಿಗೆ ಹಿಡಿದು ನಿಂತಿದ್ದ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಒಂದು ಮಾತಿಗೆ ಅಳಿಯನ ಕಸುಬು, ಮಗಳ ನಗು, ನನ್ನ ಮೂಗಿನ ಹೆಸರು ಎಲ್ಲ ಹೋಗುತ್ತಿತ್ತು. ನೀರು ಮುಕ್ಕಳಿಸಿ ಉಗಿದು, "ಡೀಸೆಲ್ಲು ಕಲಬೆರಕೆ, ಹನುಮಣ್ಣ" ಎಂದೆ.

"ಹಂಗಾರೆ ಆ ಹಾಲೇಶಪ್ಪಂದೇ ಕೆಲ್ಸ!" ಹಲ್ಲು ಕಡಿದ. ಹಾಲೇಶಪ್ಪ ಅವರೂರಿನಲ್ಲಿ ಪೀಪಾಯಿ ಇಟ್ಟುಕೊಂಡು ಡೀಸೆಲ್ ಮಾರುವವನು. "ನೀವು ಮೂಸಿ ಹೇಳಿದ್ಮ್ಯಾಲೆ ಇನ್ನೇನೈತೆ."

ಅವನು ಅತ್ತ ಹೋದ ಕೂಡಲೇ ನಾನು ಶಹನವಾಜ್ ಬಾಟ್ಲಿ ತುಂಬುತ್ತಿದ್ದ ಶೆಡ್ಡಿಗೆ ಹೋದೆ. ಗಡ್ಡದಲ್ಲಿ ಆ ಅಂಟು ಹಾಗೇ ಇತ್ತು.

"ಲೇ, ಈಗಿಂದೀಗ್ಲೇ ಎಲ್ಲಾನೂ ಸುರಿ! ಏನಂತ ತಿಳ್ಕಂಡಿದೀಯ, ಇಂಜಿನ್ನಂದ್ರೆ ಗಟಾರ ಅಂತಾನಾ?"

ಅವನು ಜಗಳವಾಡಲಿಲ್ಲ. ಪೀಪಾಯಿಗಳನ್ನು ಒಂದೊಂದೇ ಉರುಳಿಸಿ ಗುಂಡಿಗೆ ಸುರಿದ. ಕೊನೆಯದನ್ನು ಸುರಿದು ಕೈ ಒರೆಸಿಕೊಳ್ಳುತ್ತ, "ಮೊದಲ್ನೇ ದಿನ ನೀವೇ ಮೂಸಿದ್ರಲ್ಲ ಮಾಮು," ಎಂದ. "ಬ್ಯಾಡ ಅಂದಿದ್ರೆ ಅವತ್ತೇ ಬಿಡ್ತಿದ್ದೆ."

ಗಡ್ಡದ ಅಂಟು ಕೀಳುತ್ತ ಗ್ಯಾರೇಜಿಗೆ ವಾಪಸ್ಸು ಬಂದೆ.

ಹನ್ನೆರಡು ದಿನ ಆ ಇಂಜಿನ್ನಿನ ಮೇಲೆ ಬಿದ್ದೆ. ಸುಟ್ಟ ಬೇರಿಂಗುಗಳನ್ನು ತೆಗೆದು ಹೊಸವು ಹಾಕಿದೆ. ಪ್ರತಿ ಭಾಗವನ್ನೂ ಡೀಸೆಲ್ಲಿನಲ್ಲಿ ನೆನೆಸಿ, ಬ್ರಷ್ಷಿನಲ್ಲಿ ತಿಕ್ಕಿ, ಕೊಳವೆಗಳೊಳಗೆ ತಂತಿ ತೂರಿಸಿ ತೊಳೆದೆ. ಇಂಜಿನ್ ಸ್ವಚ್ಛವಾಯಿತು. ನನ್ನ ಕೈಯ ವಾಸನೆ ಮಾತ್ರ ಹೋಗಲಿಲ್ಲ. ಊಟಕ್ಕೆ ಕೂತರೆ ತುತ್ತಿನಲ್ಲೂ ಅದೇ. "ಇನ್ನೆಷ್ಟು ಸೋಪು ಹಚ್ತೀರಿ, ಏನೂ ವಾಸನೆ ಇಲ್ಲ" ಎಂದು ಹೆಂಡತಿ ನೂರ್ ಬೀ ಬಯ್ಯುತ್ತಿದ್ದಳು.

ಹದಿಮೂರನೆಯ ದಿನ ಹನುಮಣ್ಣ ಬಂದ. ಹೆಗಲ ಮೇಲೆ ಒಂದು ಚೀಲ ಹಸಿ ಕಡಲೆಕಾಯಿ, ಆಗತಾನೇ ಹೊಲದಿಂದ ಕಿತ್ತದ್ದು, ಮಣ್ಣು ಇನ್ನೂ ಒದ್ದೆ. ಬಾಗಿಲಲ್ಲಿ ಇಳಿಸಿ, "ಅಮ್ಮಾರೇ, ಉಪ್ಪು ಹಾಕಿ ಕುದಿಸ್ರಿ, ಎಲ್ರೂ ತಿನ್ನಾನ" ಎಂದು ಒಳಗೆ ಕೂಗಿದ. ಜೀಪು ಹತ್ತಿ ಚಾಲೂ ಮಾಡಿದ. ಹೂವು ಎತ್ತಿದ ಹಾಗೆ ಎದ್ದಿತು ಇಂಜಿನ್ನು. ಅವನ ಮುಖ ಅರಳಿತು.

"ಹಾಲೇಶಪ್ಪಂಗೆ ಸರಿಯಾಗಿ ಮಾಡ್ದೆ ಸಾಬ್ರೆ. ಸಂತೆ ಜನದ ಮುಂದೆ ಕೊರಳಪಟ್ಟಿ ಹಿಡ್ಕಂಡೆ. 'ನಮ್ಮವ್ವನಾಣೆ ನಾನು ಏನೂ ಬೆರೆಸಿಲ್ಲ' ಅಂತ ಕಣ್ಣಾಗೆ ನೀರು ಹಾಕ್ಕಂತಾನೆ, ನಾಟಕ! ಈಗ ಅವ್ನ ಅಂಗ್ಡಿ ಮುಂದೆ ಒಂದು ನಾಯೀನೂ ನಿಲ್ಲಲ್ಲ." ಅಷ್ಟರಲ್ಲಿ ಅವನ ಕಣ್ಣು ನನ್ನ ಹಿಂದಿನ ಹಲಗೆಯ ಮೇಲೆ ಬಿತ್ತು. ಅಲ್ಲಿ ಒಂದೇ ಒಂದು ಬಾಟ್ಲಿ ಉಳಿದಿತ್ತು. "ಹಾಂ, ಅದೊಂದು ಕೊಡ್ರಿ. ಇಷ್ಟು ಚೆಂದ ಮಾಡಿದೀರಿ, ಮತ್ತೆ ಹೊಲಸಾಗಬಾರ್ದು."

ಬಾಟ್ಲಿ ಕೈಗೆ ತಗೊಂಡೆ. ನನ್ನ ಮುಖ ನನ್ನನ್ನೇ ನೋಡಿ ನಗುತ್ತಿತ್ತು. ಅದನ್ನು ಅವನಿಗೆ ಕೊಡುವುದೂ ಆಗಲಿಲ್ಲ, ಇಡುವುದೂ ಆಗಲಿಲ್ಲ. ಕೊನೆಗೆ ಮುಚ್ಚಳ ತೆಗೆದು ಅವನ ಮೂಗಿನ ಹತ್ತಿರ ಹಿಡಿದೆ.

"ಮೂಸಿ ನೋಡು ಹನುಮಣ್ಣ."

ಮೂಸಿದ. ಕಡಲೆಕಾಯಿ ಬೆಳೆಯುವವನಿಗೆ ಎರಡನೆಯ ಸಲ ಮೂಸುವುದು ಬೇಕಾಗಲಿಲ್ಲ.

"ಇದು ಮಿಲ್ಲಿನ ಗಸಿ ಅಲ್ರೀ?"

"ಹೂಂ. ಜೀಪು ಕೆಟ್ಟಿದ್ದು ಇದರಿಂದ್ಲೇ. ಡೀಸೆಲ್ ಸರಿಯಾಗೇ ಇತ್ತು."

ಅವನು ಜೀಪು ಆಫ್ ಮಾಡಿದ. "ನಿಮಗೆ ಯಾವಾಗ ತಿಳೀತು?"

ಜೀಪು ಬಿಚ್ಚಿದಾಗ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಆ ಮಾತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಮೊದಲ್ನೇ ದಿನ" ಎಂದೆ. "ಮುಚ್ಚಳ ತೆಗೆದ ಕೂಡ್ಲೇ."

ಅವನು ಬಯ್ಯಲಿಲ್ಲ. ಬೈದಿದ್ದರೆ, ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ಜೀಪಿನ ಕೀ ತೆಗೆದು, ಆಂಜನೇಯನ ಪಟದ ಪಕ್ಕದ ಚೀಟಿಯನ್ನು ಅದರ ತುದಿಯಿಂದ ಕೆರೆಯತೊಡಗಿದ. ಪಟಕ್ಕೆ ಕೀ ತಾಗದಂತೆ ನಿಧಾನವಾಗಿ ಕೆರೆದ. ಮೊದಲು ಟೋಪಿ ಹೋಯಿತು, ಆಮೇಲೆ ಕಣ್ಣು, ಮೂಗು. ಕೆಳಗೆ ಗಡ್ಡದ ಒಂದು ಚೂರು ಅಂಟಿಕೊಂಡೇ ಉಳಿಯಿತು.

ಆಮೇಲೆ ಇಳಿದು ಬಂದು ಬಾಗಿಲಲ್ಲಿದ್ದ ಕಡಲೆಕಾಯಿ ಚೀಲವನ್ನು ಹೆಗಲಿಗೆ ಹಾಕಿಕೊಂಡ.

"ಇದನ್ನ ಹಾಲೇಶಪ್ಪನ ಮನೆಗೆ ಕೊಡ್ತೀನಿ" ಎಂದ. ನನ್ನ ಕಡೆ ನೋಡಲಿಲ್ಲ. ಹದಿನೈದು ವರ್ಷದಲ್ಲಿ ಮೊದಲ ಸಲ, "ಬರ್ತೀನಿ ಸಾಬ್ರೆ" ಅನ್ನದೆ ಹೋದ.

ಜೀಪಿನ ಸದ್ದು ರಸ್ತೆಯ ತಿರುವಿನಲ್ಲಿ ಕರಗುವವರೆಗೂ ನಿಂತಿದ್ದೆ. ಒಂದೇ ಒಂದು ತಪ್ಪು ಸದ್ದಿರಲಿಲ್ಲ ಅದರಲ್ಲಿ. ಒಳಗಿನಿಂದ ನೂರ್ ಬೀ ಸೆರಗಿಗೆ ಕೈ ಒರೆಸುತ್ತ ಬಂದಳು.

"ನೀರು ಕುದೀತಾ ಐತೆ. ಕಡ್ಲೆಕಾಯಿ ಎಲ್ರೀ?"

"ಅದು ನಮಗಲ್ಲ" ಎಂದೆ. "ನೀರು ಇಳಿಸು."