ದೊಡ್ಡೋರ ಪಾಪನಿವೇದನೆ

ಭಾವ ಸತ್ತದ್ದು ಬಾಯ್ಲರ್ ಮನೆಯ ಬಾಗಿಲಲ್ಲಿ. ಅರ್ಧ ಮೈ ಒಳಗೆ, ಅರ್ಧ ಹೊರಗೆ. ಹೊರಗೆ ಬಂದರೆ ತಂಪು ಸಿಕ್ಕೀತು ಅಂತ ತೆವಳಿಕೊಂಡು ಬಂದಿರಬೇಕು. ಹೊರಗಿನ ಬಿಸಿಲೂ ಬೆಂಕಿಯೇ ಆಗಿತ್ತು.

ಬಟ್ಟೆ ಮಡಿಸುವ ವಿಭಾಗದಿಂದ ನಾನು ಓಡಿ ಬಂದಾಗ ಮೊಂಡ ಬಕೆಟ್ಟಿನಲ್ಲಿ ನೀರು ತಂದು ಸುರಿಯುತ್ತಿದ್ದ. ಮೊಂಡ ಅಂದರೆ ಭಾವನ ಜೊತೆ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಬೆರಳು ಎರಡು ಕಡಿಮೆ ಅಂತ ಆ ಹೆಸರು. ನಲ್ಲಿಯ ನೀರೂ ಕೈ ಸುಡುವ ಹಾಗಿತ್ತು.

"ಸುರೀಬೇಡ ಕಣೋ, ಬೆಂದುಹೋಗ್ತಾರೆ" ಅಂದೆ.

ಮೊಂಡ ಬಕೆಟ್ಟು ಕೆಳಗಿಟ್ಟು ಕೂತುಬಿಟ್ಟ. ಭಾವನ ಬಾಯಿಂದ ಮಸಿ ಕಲಸಿದ ನೊರೆ ಇಳಿಯುತ್ತಿತ್ತು. ನಾನು ಸೆರಗಿನಿಂದ ಒರೆಸಿದೆ. ಆ ಸೆರಗು ಎಷ್ಟು ಒಗೆದರೂ ಬಿಳಿಯಾಗಲಿಲ್ಲ.

ಅಂಥ ಬಿಸಿಲನ್ನು ನಮ್ಮ ಅಜ್ಜಿಯೂ ಕಂಡಿರಲಿಲ್ಲವಂತೆ. ರಸ್ತೆಯ ಡಾಂಬರು ಚಪ್ಪಲಿಗೆ ಮೆತ್ತಿಕೊಂಡು ಬರುತ್ತಿತ್ತು. ಬಟ್ಟೆಗೆ ಬಣ್ಣ ಹಾಕುವ ನಮ್ಮ ಕಾರ್ಖಾನೆಯ ಮುಂದಿನ ಮೋರಿಯಲ್ಲಿ ಬಣ್ಣದ ನೀರು ಆರಿ ಚಕ್ಕೆಯಾಗಿ, ನೀಲಿ ಕೆಂಪು ಹಕ್ಕಳೆ ಎದ್ದಿತ್ತು. ಹೊರಗೇ ಹೀಗಾದರೆ ಬಾಯ್ಲರ್ ಮನೆಯೊಳಗೆ ಹೇಗಿರಬೇಡ? ಅಲ್ಲಿನ ಬಿಸಿಗಾಳಿಯನ್ನು ಹೊರಗೆ ಎಳೆಯುವ ದೊಡ್ಡ ಫ್ಯಾನು ಚಳಿಗಾಲದಲ್ಲೇ ಕೆಟ್ಟಿತ್ತು. ಭಾವ, ಮೊಂಡ ಇಬ್ಬರೂ ಮ್ಯಾನೇಜರನಿಗೆ ಹೇಳಿ ಹೇಳಿ ಸಾಕಾಗಿದ್ದರು. "ದೊಡ್ಡೋರ ಕಿವಿಗೆ ಹಾಕಿದೀನಿ" ಅನ್ನುವುದೇ ಅವನ ಉತ್ತರ.

ದೊಡ್ಡೋರು ಅಂದರೆ ಕಾರ್ಖಾನೆಯ ಯಜಮಾನರು. ನಮ್ಮ ಚರ್ಚಿನಲ್ಲಿ ಸಭೆಯ ಹಿರಿಯರೂ ಅವರೇ. ವಾರವಿಡೀ ಅವರ ಹೊಗೆ ಕುಡಿಯುತ್ತಿದ್ದೆವು, ಭಾನುವಾರ ಅವರು ಹಾಕಿಸಿದ ಬೆಂಚಿನ ಮೇಲೆ ಕೂತು ಸ್ತೋತ್ರ ಹಾಡುತ್ತಿದ್ದೆವು. ಫ್ಯಾನಿಗೆ ಕಿವಿ ಕೊಡದ ಅದೇ ಬೇಸಿಗೆಯಲ್ಲಿ ಅವರು ಚರ್ಚಿಗೆ ಏಸಿ ಹಾಕಿಸಿಕೊಟ್ಟರು. ಅದರ ಪ್ರತಿಷ್ಠೆಯ ದಿನ ಭಾವ ನನ್ನ ಅಕ್ಕನ ಕಿವಿಯಲ್ಲಿ ಹೇಳಿದ್ದರು: "ಪಾಪ, ದೇವರಿಗೂ ಸೆಕೆ ಆಗ್ತಿತ್ತು ಕಣೇ." ಅಕ್ಕ ನಗು ತಡೆಯಲಾರದೆ ಕೆಮ್ಮಿದ್ದಳು.

ಭಾವ ಸತ್ತ ಸಂಜೆಯೇ ಮ್ಯಾನೇಜರು ಹಬ್ಬಿಸಿದ್ದು ಏನು ಗೊತ್ತೆ? "ಕುಡಿದು ಬಂದಿದ್ದ."

ಭಾವ ಕುಡಿಯುತ್ತಿರಲಿಲ್ಲ. ಔಷಧಿಗೆ ಅಂತ ಕೊಟ್ಟರೂ ಮೂಗು ಮುಚ್ಚಿಕೊಳ್ಳುವ ಜನ. ಹೆಣದ ಬಾಯಿ ಮೂಸಿ ನೋಡಿದವರು ಯಾರೂ ಇಲ್ಲ. ಹೇಳಿದವನಿಗೆ ನಾಚಿಕೆಯಿಲ್ಲ, ಕೇಳಿದವರಿಗೆ ಧೈರ್ಯವಿಲ್ಲ. ಥೂ.

ಹೆಣದ ಪೆಟ್ಟಿಗೆ ಮಾತ್ರ ದೊಡ್ಡೋರೇ ಕಳಿಸಿದರು. ಹೊಳೆಯುವ ಪಾಲಿಶು, ಹಿತ್ತಾಳೆಯ ಹಿಡಿ. ಬದುಕಿದ್ದಾಗ ಭಾವ ಅಷ್ಟು ನುಣುಪಾದ ಮರ ಮುಟ್ಟಿರಲಿಲ್ಲ. ದೊಡ್ಡೋರು ನಮ್ಮ ಓಣಿಗೂ ಬಂದರು. ಮೂಗಿಗೆ ಕರವಸ್ತ್ರ ಹಿಡಿದೇ ಬಂದರು. ಆ ವಾಸನೆ ಅವರದೇ ಮೋರಿಯದು. ಅಕ್ಕನ ಕೈ ಹಿಡಿದು "ಧೈರ್ಯ ತಗೋ ತಂಗಿ" ಅಂದರು. ಅವರು ಹೋದ ಮೇಲೆ ಅಕ್ಕ ಕೈ ಮೂಸಿ ನೋಡಿಕೊಂಡಳು. ಸುಗಂಧದ ಎಣ್ಣೆಯ ವಾಸನೆ. ಎದ್ದು ಹೋಗಿ ಬೂದಿ ಹಾಕಿ ಉಜ್ಜಿ ತೊಳೆದಳು.

ಸಮಾಧಿಯ ಹತ್ತಿರ ಪಾಸ್ಟರು ಪ್ರಸಂಗ ಮಾಡಿದರು. ಮಳೆ ಬಿಸಿಲು ಎಲ್ಲ ಕರ್ತನ ಕೈಯಲ್ಲಿದೆ, ಯಾಕೆ ಅಂತ ಕೇಳೋಕೆ ನಾವು ಯಾರು ಅಂದರು. ಮೊಂಡ ನನ್ನ ಪಕ್ಕದಲ್ಲಿ ಹಲ್ಲು ಕಡಿದ: "ಫ್ಯಾನಿನ ಸ್ವಿಚ್ಚೂ ಕರ್ತನ ಕೈಲೇ ಇತ್ತಾ?"

ಮಳೆಗಾಲ ಬರಬೇಕಾದ ಹೊತ್ತಿಗೆ ಬರಲಿಲ್ಲ. ಪಾಸ್ಟರು ಬಂದರು. ನಮ್ಮ ಮನೆಯ ಒಂದೇ ಕುರ್ಚಿಯಲ್ಲಿ ಕೂತು, ಬೆವರು ಒರೆಸಿಕೊಂಡು ಸುದ್ದಿ ಹೇಳಿದರು. ಬರುವ ಭಾನುವಾರ ಸೃಷ್ಟಿಯ ಭಾನುವಾರ, ದೇವರ ಸೃಷ್ಟಿಯನ್ನು ಕಾಪಾಡಬೇಕು ಅಂತ ನಡೆಸುವ ಆರಾಧನೆ. ಹೊರಗಿನಿಂದ ದೊಡ್ಡ ಅತಿಥಿಗಳು ಬರುತ್ತಾರೆ. ನಮ್ಮದು ಹಸಿರು ಸಭೆ ಅಂತ ಪ್ರಶಸ್ತಿ ಕೊಡುತ್ತಾರೆ. ಸಸಿಗಳನ್ನೆಲ್ಲ ದೊಡ್ಡೋರೇ ಕೊಡಿಸಿದ್ದಾರೆ.

"ಮೊದಲನೇ ಸಸಿ ನೀನೇ ವೇದಿಗೆ ತರಬೇಕಮ್ಮ" ಅಂದರು ಅಕ್ಕನಿಗೆ. "ಬಿಸಿಲಿಗೆ ಗಂಡನ್ನ ಕಳ್ಕೊಂಡೋಳು. ನೋಡಿದವರ ಮನಸ್ಸಿಗೆ ತಟ್ಟುತ್ತೆ. ಆಮೇಲೆ ಎಲ್ಲರ ಜೊತೆ ಪಾಪನಿವೇದನೆ. ಈ ಭೂಮೀನ ನಾವೆಲ್ಲ ಸೇರಿ ಹಾಳು ಮಾಡಿದೀವಿ ಅಂತ."

ಬಿಸಿಲಿಗೆ ಅಂದರು! ಸಮಾಧಿಯ ಹತ್ತಿರ ಕರ್ತನ ಚಿತ್ತವಾಗಿತ್ತು, ಊರಲ್ಲಿ ಕುಡಿತವಾಗಿತ್ತು, ಪ್ರಶಸ್ತಿ ಬರುತ್ತದೆ ಅಂದಕೂಡಲೇ ಬಿಸಿಲಾಯಿತು.

ಅಕ್ಕ ಕೇಳಿದಳು, "ನಾನೇನ್ ಹಾಳು ಮಾಡ್ದೆ ಅಯ್ನೋರೇ?"

ಪಾಸ್ಟರು ಒಲೆಯ ಕಡೆ ಕೈ ತೋರಿಸಿದರು. "ಚಿಂದಿ ಸುಡ್ತೀಯಲ್ಲ. ಕಪ್ಪು ಹೊಗೆ ಬರಲ್ವಾ? ಚಿಕ್ಕ ಪಾಪಾನೂ ಪಾಪಾನೇ."

ಕಾರ್ಖಾನೆಯ ಕಸದಲ್ಲಿ ಬಿದ್ದ ಬಣ್ಣದ ಚಿಂದಿ ಅದು. ಗ್ಯಾಸು ತರಿಸಲು ಗತಿಯಿಲ್ಲದೆ ಓಣಿಯವರೆಲ್ಲ ಅದನ್ನೇ ಆಯ್ದು ತಂದು ಒಲೆಗೆ ಹಾಕುತ್ತೇವೆ. ಅಕ್ಕ ಒಲೆಯನ್ನೇ ನೋಡುತ್ತ ಕೂತಳು.

"ದೊಡ್ಡೋರು ನಿಂಗೆ ಕೆಲಸ ಕೊಡೋ ಮನಸ್ಸೂ ಮಾಡಿದಾರೆ" ಅಂತ ಪಾಸ್ಟರು ಮೆಲ್ಲಗೆ ಸೇರಿಸಿದರು.

"ಬರ್ತೀನಿ" ಅಂದಳು ಅಕ್ಕ.

ಪಾಸ್ಟರು ಹೋದ ಮೇಲೆ ನಾನು ಕೂಗಾಡಿದೆ. "ನಿಂಗೆ ಮಾನ ಇಲ್ವೇನೇ? ಅವರ ಫೋಟೋಗೆ ಗಂಡನ ಸಾವು ಕೊಡ್ತೀಯಾ?"

"ಪಾಪ ಒಪ್ಪಿಕೊಳ್ಳೋದು ಕೆಟ್ಟದ್ದಲ್ಲ ಕಣೇ" ಅಂದಳು.

ಭಾನುವಾರ ಚರ್ಚಿನೊಳಗೆ ಚಳಿ. ಮುಂದಿನ ಸಾಲಿನ ಹೆಂಗಸರು ಶಾಲು ಹೊದ್ದಿದ್ದರು. ಹೊರಗೆ ನಾಯಿ ನಾಲಿಗೆ ಚಾಚಿ ಬಿದ್ದಿದ್ದರೆ ಒಳಗೆ ಶಾಲು! ಕಾರ್ಖಾನೆಯವರೆಲ್ಲ ಹಿಂದಿನ ಸಾಲುಗಳಲ್ಲಿ. ಅತಿಥಿಗಳು ವೇದಿಯ ಪಕ್ಕದಲ್ಲಿ, ಅವರ ಜೊತೆ ದೊಡ್ಡೋರು, ಎದೆಗೆ ಹಸಿರು ರಿಬ್ಬನ್ನು.

ಅಕ್ಕ ಬಿಳಿ ಸೀರೆಯಲ್ಲಿ ಸಸಿ ಹಿಡಿದು ನಡೆದು ಹೋದಳು. ಕ್ಯಾಮೆರಾದವನು ಹಿಂದೆ ಹಿಂದೆ ನಡೆದ. ಸಸಿ ಇಟ್ಟು, ಸಭೆಯ ಕಡೆ ತಿರುಗಿ ನಿಂತಳು.

ಪಾಸ್ಟರು ಶುರುಮಾಡಿದರು. "ನಾನು ಹೇಳಿದ್ದನ್ನ ಎಲ್ಲರೂ ಹೇಳಿ. ಕರ್ತನೇ, ನೀನು ಕೊಟ್ಟ ಭೂಮಿಯನ್ನು ನಾವು ಸುಟ್ಟೆವು."

"ನಾವು ಸುಟ್ಟೆವು" ಅಂತು ಸಭೆ. ಮೊಂಡನ ಮುದಿ ತಾಯಿಯೂ ಅಂದಳು. ಆಕೆ ಜೀವಮಾನದಲ್ಲಿ ಬಸ್ಸು ಹತ್ತಿದ್ದೇ ಅಪರೂಪ.

ಅಕ್ಕನ ತುಟಿ ಅಲುಗಲಿಲ್ಲ. ಪಾಸ್ಟರು ಬಗ್ಗಿ ಪಿಸುಗುಟ್ಟಿದರು, "ಹೇಳಮ್ಮ."

"ಹೇಳ್ತೀನಿ ಅಯ್ನೋರೇ. ಮೊದಲು ದೊಡ್ಡೋರು ಹೇಳ್ಲಿ."

ಅವಳು ಕೂಗಿ ಹೇಳಲಿಲ್ಲ. ಆದರೆ ಮೈಕು ಅಲ್ಲೇ ಇತ್ತು.

"ದೊಡ್ಡೋರೂ ಹೇಳಿದ್ರಲ್ಲಮ್ಮ, ಎಲ್ಲರ ಜೊತೆ."

"ನಾವು ಅಂದ್ರು. ನಾನು ಅನ್ಲಿ. ಒಬ್ಬರೇ ನಿಂತ್ಕೊಂಡು ಅನ್ಲಿ. ನನ್ನ ಬಾಯ್ಲರ್ ಸುಟ್ಟಿತು, ಫ್ಯಾನು ರಿಪೇರಿ ಮಾಡಿಸ್ಲಿಲ್ಲ, ಸತ್ತೋನಿಗೆ ಕುಡುಕ ಅಂತ ಹೆಸರಿಟ್ಟೆ ಅನ್ಲಿ. ಆಮೇಲೆ ನನ್ನ ಒಲೇದು ನಾನು ಹೇಳ್ತೀನಿ. ಮುಚ್ಚಿಡಲ್ಲ. ದೇವರ ಮುಂದೆ ಅವರ ಪಾಲು ನಾನ್ಯಾಕೆ ಹೊರಲಿ?"

ದೊಡ್ಡೋರು ನಕ್ಕರು. ಅತಿಥಿಗಳ ಕಡೆ ಬಾಗಿ "ಪಾಪ, ದುಃಖದಲ್ಲಿದಾಳೆ" ಅಂದರು. ಬೆರಳಿನಿಂದ ಗಾಯನ ತಂಡಕ್ಕೆ ಸನ್ನೆ ಮಾಡಿದರು.

ಆರ್ಗನ್ನು ಶುರುವಾಯಿತು. ಅಕ್ಕನ ದನಿ ಮುಳುಗಿಸಲು ಅವರು ದೇವರ ಹಾಡನ್ನೇ ತಂದರು. ಆ ಹಾಡು ಭಾವನಿಗೆ ಇಷ್ಟವಾದದ್ದು. ಅದೇ ಹಾಡು ಆ ಬಾಯಿಗಳಿಂದ ಬಂದಾಗ ನನಗೆ ಕೂತಿರಲಾಗಲಿಲ್ಲ. ಎದ್ದು ನಿಂತೆ. ಎದ್ದದ್ದು ನಾನೊಬ್ಬಳೇ ಅಂದುಕೊಂಡಿದ್ದೆ. ಪಕ್ಕದಲ್ಲಿ ಮೊಂಡನೂ ನಿಂತಿದ್ದ. ಆಮೇಲೆ ಬಣ್ಣದ ತೊಟ್ಟಿಯಲ್ಲಿ ಬಟ್ಟೆ ಅದ್ದುವವರು, ಮಡಿಸುವ ವಿಭಾಗದ ಹೆಂಗಸರು. ಅಕ್ಕ ಸಾಲುಗಳ ನಡುವೆ ಇಳಿದು ಬಂದಳು. ನಾವೆಲ್ಲ ಅವಳ ಹಿಂದೆ ಹೊರಗೆ ನಡೆದೆವು. ಒಳಗೆ ಹಾಡು ಮುಂದುವರಿದೇ ಇತ್ತು.

ಬಿಸಿಲು ಮುಖಕ್ಕೆ ಹೊಡೆಯಿತು. ಕೆಲವರು ಮನೆ ಕಡೆ ಹೊರಟರು. ಅಕ್ಕ ಚರ್ಚಿನ ಗೇಟಿನ ಮುಂದೆ ನೆಲದ ಮೇಲೆ ಮಂಡಿಯೂರಿ ಕೂತಳು.

"ಆರಾಧನೆ ಅರ್ಧಕ್ಕೆ ಬಿಟ್ಟು ಹೋಗೋದಾ?" ಅಂದಳು. "ಕೂತ್ಕೊಳ್ಳಿ."

ಕೂತೆವು. ಅಕ್ಕ ಕಣ್ಣು ಮುಚ್ಚಿದಳು. "ಕರ್ತನೇ, ನಾನು ಚಿಂದಿ ಸುಟ್ಟೆ. ಪಕ್ಕದ ಮನೆ ಮಗು ಕೆಮ್ಮೋದು ಕೇಳ್ತಾನೇ ಸುಟ್ಟೆ. ಕ್ಷಮಿಸು."

ತೊಟ್ಟಿಯವನೊಬ್ಬ ಹೇಳಿದ, "ನಾನು ಬಣ್ಣದ ನೀರು ಹಳ್ಳಕ್ಕೆ ಬಿಟ್ಟೆ. ಬಿಡು ಅಂದರು, ಬಿಟ್ಟೆ. ಮೀನು ಸತ್ತು ತೇಲಿದ್ದು ನೋಡಿಯೂ ಬಿಟ್ಟೆ."

ಆಮೇಲೆ ಮೊಂಡ ಹೇಳಿದ, "ನಾನು ಆ ಬಾಯ್ಲರಿಗೆ ಕಲ್ಲಿದ್ದಲು ಹಾಕಿದೆ. ಅವನು ಬಿದ್ದ ದಿನವೂ ಹಾಕಿದೆ, ಮಾರನೇ ದಿನವೂ ಹಾಕಿದೆ." ಎದೆಗೆ ಕೈ ಬಡಿದುಕೊಂಡು ಅತ್ತ. ಅವನ ತಾಯಿ ತಲೆ ನೇವರಿಸಿದಳು.

ಯಾರ ಮುಖದಲ್ಲೂ ತೋರಿಕೆ ಇರಲಿಲ್ಲ. ನನಗೆ ಒಮ್ಮೆಲೇ ಅನ್ನಿಸಿತು, ಒಳಗೆ ಅವರು ದೇವರನ್ನು ಕೂಡಿಹಾಕಿದ್ದೇವೆ ಅಂದುಕೊಂಡಿದ್ದಾರೆ, ದೇವರು ಇಲ್ಲಿ ನಮ್ಮ ಜೊತೆ ಬೆವರುತ್ತಿದ್ದಾನೆ.

ಅಷ್ಟರಲ್ಲಿ ಒಳಗೆ ಚಪ್ಪಾಳೆ ಕೇಳಿಸಿತು. ಪ್ರಶಸ್ತಿ ಕೊಟ್ಟರು ಅಂತ ಕಾಣುತ್ತದೆ. ಕೊಟ್ಟೇ ಕೊಟ್ಟರು.

ಅತಿಥಿಗಳನ್ನು ಪಕ್ಕದ ಬಾಗಿಲಿನಿಂದ ಕಳಿಸಿದರು. ಅಂಗಳದಲ್ಲಿ ನಿಲ್ಲಿಸಿದ್ದ ದೊಡ್ಡೋರ ಕಾರು ಮಾತ್ರ ಗೇಟಿಗೇ ಬರಬೇಕಿತ್ತು, ಬೇರೆ ದಾರಿ ಇರಲಿಲ್ಲ. ಹಾರ್ನು ಹೊಡೆಯಿತು. ನಾವು ಏಳಲಿಲ್ಲ. ಮ್ಯಾನೇಜರು ಇಳಿದು ಬಂದು ಅರಚಿದ, "ನಾಳೆ ಯಾರೂ ಕೆಲಸಕ್ಕೆ ಬರೋ ಹಾಗಿಲ್ಲ!"

ಮೊಂಡ ಕಣ್ಣೊರೆಸಿಕೊಂಡ. "ನಾವೂ ಅದನ್ನೇ ಹೇಳೋಣ ಅಂತಿದ್ವಿ. ಫ್ಯಾನು ಬರೋವರೆಗೂ ಬೆಂಕಿ ಹಾಕಲ್ಲ."

ಅಕ್ಕ ಎದ್ದು ಕಾರಿನ ಹತ್ತಿರ ಹೋದಳು. ಕಪ್ಪು ಗಾಜಿನಲ್ಲಿ ಅವಳ ಮುಖವೇ ಅವಳಿಗೆ ಕಂಡಿರಬೇಕು. ಬೆರಳ ಗಿಣ್ಣಿನಿಂದ ತಟ್ಟಿದಳು.

"ದೊಡ್ಡೋರೇ, ನಮ್ಮದೆಲ್ಲ ಹೇಳಿ ಆಯ್ತು. ಈಗ ನಿಮ್ಮ ಸರದಿ."

ಗಾಜು ಇಳಿಯಲಿಲ್ಲ. ಡ್ರೈವರು ನಮ್ಮನ್ನು ನೋಡಿದ, ಕನ್ನಡಿಯಲ್ಲಿ ಯಜಮಾನರನ್ನು ನೋಡಿದ. ಅವನೂ ನಮ್ಮ ಓಣಿಯವನೇ. ಕೈ ಚಾಚಿ ಎಂಜಿನ್ನು ನಿಲ್ಲಿಸಿದ, ಕಾರಿನ ಏಸಿಯೂ ನಿಂತಿತು. ಬಾಗಿಲು ತೆಗೆದು ಇಳಿದು ಬಂದು ನಮ್ಮ ಪಕ್ಕ ನಿಂತ.

ಬಿಸಿಲು ನೆತ್ತಿಯ ಮೇಲಿತ್ತು. ಕಾರಿನ ತಗಡು ಚಟಚಟ ಅನ್ನತೊಡಗಿತು. ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲು ಒಳಗಿನಿಂದಲೇ ತೆರೆದುಕೊಂಡಿತು. ದೊಡ್ಡೋರು ಒಂದು ಕಾಲು ಹೊರಗಿಟ್ಟರು. ಮುಖ ಕೆಂಪಾಗಿ ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಕರವಸ್ತ್ರ ಹುಡುಕಿದರು, ಸಿಗಲಿಲ್ಲ.

"ನೀರು" ಅಂದರು.

ಅಕ್ಕ ತನ್ನ ಬಾಟಲಿ ಕೊಟ್ಟಳು. ಅವರು ಗಟಗಟ ಕುಡಿದರು. ಕುಡಿದು ಮುಗಿಸುವವರೆಗೂ ಅವಳು ಕಾದಳು.

"ಈಗ ಹೇಳಿ" ಅಂದಳು.

ಅವರು ಬಾಯಿ ಒರೆಸಿಕೊಂಡು ಮ್ಯಾನೇಜರನ ಕಡೆ ನೋಡಿದರು, ಚರ್ಚಿನ ಬಾಗಿಲಿಗೆ ಬಂದು ನಿಂತಿದ್ದ ಪಾಸ್ಟರ ಕಡೆ ನೋಡಿದರು. ಬಾಯಿ ಬಿಡಲಿಲ್ಲ.

ನಾವೂ ದಾರಿ ಬಿಡಲಿಲ್ಲ.