ಅಕ್ಕನಿಗೆ ಕೇಳಿಸದ ಅಕ್ಷರಗಳು

ಮನೆಯವರಿಗೂ ಕಾರ್ಖಾನೆಯವರಿಗೂ ಅವಳು ಅಕ್ಕನೇ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರು ಕೂಡ ಹಾಗೇ ಕರೆಯುತ್ತಿದ್ದರು. ಹತ್ತೊಂಬತ್ತಕ್ಕೆ ತಂಪು ಪಾನೀಯ ತುಂಬುವ ಕಾರ್ಖಾನೆ ಸೇರಿದವಳು ಅರವತ್ತಕ್ಕೆ ಹೊರಬಂದಳು. ಅಷ್ಟೂ ವರ್ಷ ಒಂದೇ ಕೆಲಸ: ಬೆಳಕಿನ ಹಲಗೆಯ ಮುಂದೆ ಸಾಲಾಗಿ ಸಾಗುವ ಗಾಜಿನ ಬಾಟಲಿಗಳನ್ನು ನೋಡುವುದು, ಸೀಳು ಬಿಟ್ಟಿದ್ದನ್ನು ಎತ್ತಿ ಪಕ್ಕಕ್ಕಿಡುವುದು. ಬಾಟಲಿಗೆ ಬಾಟಲಿ ತಾಗುವ ಸದ್ದು ಅಲ್ಲಿ ಎಷ್ಟಿತ್ತೆಂದರೆ, ಪಕ್ಕದವಳು ಕಿವಿಯ ಹತ್ತಿರ ಬಂದು ಕೂಗಿದರೂ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಕಿವಿಗೆ ಹಾಕಿಕೊಳ್ಳಲು ಹಳದಿ ಇಯರ್‌ಪ್ಲಗ್ ಕೊಡುತ್ತಿದ್ದರು. ಅಕ್ಕನದು ಜೇಬಿನಲ್ಲೇ ಇರುತ್ತಿತ್ತು.

"ಒಡಕು ಬಾಟಲಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತೆ ಕಣ್ರೇ. ಕಿವಿ ಮುಚ್ಚಿಕೊಂಡು ಕೂತರೆ ಹೇಗೆ ಗೊತ್ತಾಗಬೇಕು?" ಅನ್ನುತ್ತಿದ್ದಳು. ಅದೊಂದು ಹೆಮ್ಮೆ ಅವಳಿಗೆ.

ಮನೆಯಲ್ಲಿ ಅವಳ ಮೇಲೆ ಒಂದು ತಮಾಷೆ ಹುಟ್ಟಿಕೊಂಡಿತ್ತು. ಊಟಕ್ಕೆ ಬಡಿಸುವಾಗ ಯಾರಾದರೂ "ಸಾಕು" ಅಂದರೆ ಅಕ್ಕ ಇನ್ನೊಂದು ಸೌಟು ಹಾಕುವಳು. "ಸಾಕು, ಸಾಕು" ಅಂದರೆ ಎರಡು ಸೌಟು. ಕೈ ಅಡ್ಡ ಇಟ್ಟರೆ ಮಾತ್ರ ನಿಲ್ಲಿಸುವಳು. ಅವಳದು ದೊಡ್ಡ ಕೈ, ದೊಡ್ಡ ಮನಸ್ಸು ಅಂತ ಎಲ್ಲರೂ ನಗುತ್ತಿದ್ದರು. "ಸಾಕು" ಅನ್ನುವುದು ಅವಳಿಗೆ "ಹಾಕು" ಅಂತ ಕೇಳಿಸುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ.

ಕೆಲಸ ಬಿಟ್ಟ ಮರುವರ್ಷ ತಮ್ಮನ ಮಗಳು ಅವಳ ಫೋನಿಗೆ ಒಂದು ಧ್ವನಿ ಕಳಿಸಿದಳು. ಹಳೇ ಕ್ಯಾಸೆಟ್ಟುಗಳನ್ನೆಲ್ಲ ಫೋನಿಗೆ ಇಳಿಸಿಕೊಳ್ಳುವಾಗ ಸಿಕ್ಕಿದ್ದಂತೆ. "ಅತ್ತೆ, ಇದು ಅಪ್ಪನ ಧ್ವನಿ ಅಂದರೆ ನಂಬ್ತೀರಾ? ನಮ್ಮ ಮೌನಿಬಾಬಾ!" ಅಂತ ಬರೆದಿದ್ದಳು.

ಅಕ್ಕ ನಾಲ್ಕು ಸಲ ಹಾಕಿ ಕೇಳಿದಳು. ತಮ್ಮನ ಧ್ವನಿ ಹೌದು, ಆದರೆ ಮಾತು ಒಂದೂ ತಿಳಿಯಲಿಲ್ಲ. ಹಾಗೆಂದು ಹೇಳಿದಾಗ, "ಫೋನಿನ ಸ್ಪೀಕರ್‌ನಲ್ಲಿ ಏನು ಕೇಳುತ್ತೆ ಅತ್ತೆ? ಒಂದು ಒಳ್ಳೆ ಹೆಡ್‌ಫೋನ್ ತಗೊಳ್ಳಿ. ದಿನಾ ಹಾಡು, ಸುದ್ದಿ ಕೇಳೋಕೂ ಆಗುತ್ತೆ," ಅಂದಳು ಹುಡುಗಿ.

ಆ ಕ್ಯಾಸೆಟ್ ಯಾವುದೆಂದು ಅಕ್ಕನಿಗೆ ಚೆನ್ನಾಗಿ ನೆನಪಿತ್ತು.

ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ ತೀರಿಹೋದಾಗ ತಮ್ಮನಿಗೆ ಹತ್ತು ವರ್ಷ. ಅಂದಿನಿಂದ ಅವನಿಗೆ ತಾಯಿಯೂ ಅವಳೇ, ತಂದೆಯೂ ಅವಳೇ. ಹುಡುಗ ಮಾತಿನ ಮಲ್ಲ. ಔಷಧಿ ಬಾಟಲಿಯ ಮೇಲಿನ ಚೀಟಿಯನ್ನೂ ಸುದ್ದಿ ಓದುವವರ ಗತ್ತಿನಲ್ಲಿ ಓದುವನು. ಅವನಿಗೆ ಇಪ್ಪತ್ತೆರಡಾದಾಗ ರೇಡಿಯೋದವರು ಹೊಸ ಧ್ವನಿಗಳು ಬೇಕೆಂದು ಕರೆದರು. ಅಡುಗೆಮನೆಯ ಕಿಟಕಿ ಬಾಗಿಲು ಮುಚ್ಚಿ, ಬೆವರು ಸುರಿಸುತ್ತ ಒಂದು ಕ್ಯಾಸೆಟ್ ತುಂಬಿಸಿದ. ಪಾಳಿ ಮುಗಿಸಿ ಬಂದ ಅಕ್ಕನನ್ನು ಕೈ ಹಿಡಿದು ಕೂರಿಸಿ ಕೇಳಿಸಿದ.

ಅವಳು ಮೂರು ಸಲ ಕೇಳಿದಳು, ಕಣ್ಣು ಮುಚ್ಚಿ, ಶ್ರದ್ಧೆಯಿಂದ. ಆಮೇಲೆ ಹೇಳಿದಳು: "ನೋಡು ಮರಿ, ನನಗೆ ಸುಳ್ಳು ಹೇಳೋಕೆ ಬರಲ್ಲ. ನಿನ್ನ ಮಾತು ಒಂದಕ್ಕೊಂದು ಮೆತ್ತಿಕೊಂಡಿದೆ. ಬಾಯಲ್ಲಿ ಬಟ್ಟೆ ತುರುಕಿಕೊಂಡು ಓದಿದ ಹಾಗಿದೆ. ಕಳಿಸಬೇಡ, ಕೇಳಿದೋರು ನಗ್ತಾರೆ. ನೀನು ನಗೆಪಾಟಲಾಗೋದು ನನ್ನ ಕೈಲಿ ನೋಡೋಕಾಗಲ್ಲ."

ಅವನು ಕಳಿಸಲಿಲ್ಲ. ಆರು ತಿಂಗಳ ಮೇಲೆ ಬಣ್ಣದ ಡಬ್ಬಿಗಳ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ. ಮದುವೆಯಾದ, ಮಗಳಾದಳು. ಅಷ್ಟರಲ್ಲಿ ಮಾತು ಎಲ್ಲೋ ಕಡಿಮೆಯಾಗುತ್ತ ಬಂತು. ಜವಾಬ್ದಾರಿ ಬಂದಮೇಲೆ ಗಂಡಸರು ಹಾಗೇ ಅಂದುಕೊಂಡಳು ಅಕ್ಕ.

ಹೆಡ್‌ಫೋನ್ ಅಂಗಡಿಯವನು ನಲವತ್ತು ದಾಟಿದ ವಾಚಾಳಿ. ಒಂದು ಕನ್ನಡಕ ಕಣ್ಣಿಗೆ, ಇನ್ನೊಂದು ತಲೆಯ ಮೇಲೆ. ಬೆಲೆ ಹೇಳುವ ಮೊದಲು ಪ್ರಶ್ನೆ ಕೇಳಿದ. "ಹಾಡು ಜಾಸ್ತಿ ಕೇಳ್ತೀರೋ ಮಾತು ಜಾಸ್ತಿಯೋ? ಮನೇಲಿ ಕೂತೋ, ಬಸ್ಸಿನಲ್ಲೋ?"

"ಮನೇಲೇ. ಮಾತು."

"ಹಾಗಾದ್ರೆ ಢಂ ಢಂ ಅನ್ನೋದು ನಿಮಗೆ ಬೇಡ. ಅದು ಮಾತನ್ನ ನುಂಗಿಹಾಕುತ್ತೆ."

ಮೊದಲು ಕಿವಿಯೊಳಗೆ ಕೂರುವಂಥದ್ದು ಕೊಟ್ಟ. ರಬ್ಬರಿನ ತುದಿ ಮೂರು ಸಲ ಬದಲಿಸಿದರೂ ಅವಳ ಕಿವಿಯಲ್ಲಿ ನಿಲ್ಲಲಿಲ್ಲ. ಎರಡನೆಯದು ಕಿವಿಯನ್ನು ಪೂರ್ತಿ ಮುಚ್ಚಿ ಬಿಗಿಯಿತು. ಅವಳ ಕನ್ನಡಕದ ಕಡ್ಡಿ ಒತ್ತಿ ನೋವಾಯಿತು. ಮೂರನೆಯದು ಹಗುರ, ಮೆತ್ತೆಯೂ ಬಟ್ಟೆಯದು. ತಲೆಯ ಮೇಲೆ ಏನೋ ಇದೆ ಅಂತಲೇ ಅನಿಸಲಿಲ್ಲ. ತಮ್ಮನ ಧ್ವನಿ ಹಾಕಿಸಿಕೊಂಡು ಕೇಳಿದಳು.

"ಜೋರಾಯ್ತು, ಆದರೆ ತಿಳೀಲಿಲ್ಲ," ಎಂದು ತಲೆಯಾಡಿಸಿದಳು. "ನಿಮ್ಮ ಸಾಮಾನಿನ ತಪ್ಪಲ್ಲ ಬಿಡಿ. ನಮ್ಮ ಹುಡುಗನ ನಾಲಗೆಯೇ ಹಾಗೆ."

ಅಂಗಡಿಯವನು ಅದನ್ನು ತಾನೇ ಹಾಕಿಕೊಂಡು ಕೇಳಿದ. ಪೂರ್ತಿ ಕೇಳಿದ. ತೆಗೆದಮೇಲೆ ಅವಳ ಮುಖವನ್ನೇ ನೋಡಿದ.

"ಅಮ್ಮಾ, ಇದು ಸ್ಪಷ್ಟವಾಗಿದೆಯಲ್ಲ. ಕ್ಯಾಸೆಟ್ಟಿನ ಸೊಯ್ ಅನ್ನೋ ಸದ್ದು ಬಿಟ್ಟರೆ ಮಾತು ಕನ್ನಡಿ ಥರ ಇದೆ. ನೀವು ಎಲ್ಲಿ ಕೆಲಸ ಮಾಡ್ತಿದ್ರಿ?"

ಹೇಳಿದಳು. ಅವನು ಕೈಚಾಚಿ ಫೋನ್ ಇಸಿದುಕೊಂಡ. ಅವಳ ಫೋನಿಗೆ ಒಂದು ಆ್ಯಪ್ ಹಾಕಿದ. "ಕುಯ್ ಅಂತ ಸದ್ದು ಬರುತ್ತೆ, ದಪ್ಪದಿಂದ ಸಣ್ಣಕ್ಕೆ ಹೋಗುತ್ತೆ. ಕೇಳಿಸಿದಾಗೆಲ್ಲ ಇಲ್ಲಿ ಒತ್ತಿ. ಕೇಳಿಸದಿದ್ರೆ ಸುಮ್ಮನಿರಿ."

ಅಕ್ಕ ಒತ್ತಿದಳು, ಒತ್ತಿದಳು, ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತಳು. ಸದ್ದು ನಿಂತಿದೆ ಅಂದುಕೊಂಡಿದ್ದಳು. ಪರದೆಯ ಮೇಲೆ ಅಂಗಡಿಯವನು ಒಂದು ಗೆರೆ ತೋರಿಸಿದ. ಅರ್ಧ ದಾರಿ ನೆಟ್ಟಗೆ ಬಂದು, ಅಲ್ಲಿಂದ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು.

"ಇದು ಡಾಕ್ಟರ ಪರೀಕ್ಷೆಯಲ್ಲ, ನೀವು ಕಿವಿ ಡಾಕ್ಟರ ಹತ್ತಿರ ಹೋಗಲೇಬೇಕು," ಅಂದ ಅವನು, ಮೆಲ್ಲಗೆ ಆದರೆ ಬಿಡಿಸಿ ಬಿಡಿಸಿ. "ಆದರೂ ಹೇಳ್ತೀನಿ. ಆ, ಈ, ಓ ಅನ್ನೋದೆಲ್ಲ ದಪ್ಪ ಸದ್ದು, ನಿಮಗೆ ಸಿಗುತ್ತೆ. ಸ, ಶ, ಚ, ತ, ಇವು ಸಣ್ಣ ಸದ್ದು. ಅವು ನಿಮಗೆ ಸಿಗ್ತಾ ಇಲ್ಲ. ಎದುರಿಗಿದ್ದೋರ ತುಟಿ ನೋಡಿ ತಿಳ್ಕೊಳ್ತೀರಿ, ಕ್ಯಾಸೆಟ್ಟಿಗೆ ತುಟಿ ಎಲ್ಲಿದೆ? ಒಂದೆರಡು ವರ್ಷದ್ದಲ್ಲ ಇದು. ಎಷ್ಟೋ ಕಾಲದಿಂದ ಇರಬೇಕು."

"ಎಷ್ಟು ಕಾಲದಿಂದ?"

"ಅದನ್ನ ನಾನು ಹೇಗೆ ಹೇಳಲಿ ತಾಯಿ?"

ಗೆರೆ ಎಲ್ಲಿ ಎಷ್ಟು ಕುಸಿದಿತ್ತೋ ಅಲ್ಲಿ ಸದ್ದನ್ನು ಅಷ್ಟು ಎತ್ತುವಂತೆ ಆ ಆ್ಯಪನ್ನು ಹೊಂದಿಸಿದ, ಎಡಗಿವಿಗೆ ಬೇರೆ, ಬಲಗಿವಿಗೆ ಬೇರೆ. ಧ್ವನಿ ಇದಕ್ಕಿಂತ ಜೋರು ಮಾಡಬೇಡಿ ಅಂತ ಎರಡು ಸಲ ಹೇಳಿ, ಹೆಡ್‌ಫೋನ್ ಮತ್ತೆ ಅವಳ ತಲೆಗೆ ಹಾಕಿ ಒತ್ತಿದ.

ಮೊದಲು ಸೊಯ್ ಎಂಬ ಸದ್ದು. ಆಮೇಲೆ ಇಪ್ಪತ್ತೆರಡರ ತಮ್ಮ, ಒಂದು ನದಿ ಬೆಟ್ಟ ಇಳಿದು ಬಯಲಿಗೆ ಬರುವುದನ್ನು ಓದುತ್ತಿದ್ದ. ಒಗೆದು ಹಿಂಡಿ ಹಗ್ಗದ ಮೇಲೆ ಹರವಿದ ಬಟ್ಟೆಗಳ ಹಾಗೆ ಒಂದೊಂದು ಮಾತೂ ಬೇರೆ ಬೇರೆ, ಒಂದೂ ಮುದುಡಿರಲಿಲ್ಲ. ಅವಸರವಿಲ್ಲ, ನಟನೆಯಿಲ್ಲ. ಓದು ಮುಗಿದಮೇಲೆ ಬಾಗಿಲ ಚಿಲಕದ ಸದ್ದು. ಅವನು ದನಿ ತಗ್ಗಿಸಿ ತನಗೆ ತಾನೇ ಅಂದದ್ದೂ ಅದರಲ್ಲಿ ಉಳಿದಿತ್ತು: "ಅಕ್ಕ ಬಂದಳು. ಅವಳು ಸರಿ ಅಂದರೆ ನಾಳೆನೇ ಕಳಿಸೋದು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೇಳಲಾರದ ತಾನು ನಾಲಗೆ ಡೊಂಕು ಅಂದಿದ್ದಳು. ಅಂಗಡಿಯವನು ಒಂದು ಲೋಟ ನೀರು ತಂದಿಟ್ಟು, ಬೇರೆ ಗಿರಾಕಿಗಳ ಕಡೆ ಹೋಗಿ ಅವಳನ್ನು ಅವಳ ಪಾಡಿಗೆ ಬಿಟ್ಟ.

ಭಾನುವಾರ ಬೆಳಿಗ್ಗೆ ತಮ್ಮನ ಮನೆಗೆ ಹೋದಳು. ಹೆಂಡತಿ, ಮಗಳು ಇಬ್ಬರೂ ಹೊರಗೆ ಹೋಗಿದ್ದರು. ಅವನು ಮುರಿದ ಕುರ್ಚಿಯ ಕಾಲಿಗೆ ಅಂಟು ಹಚ್ಚುತ್ತ ಕೂತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತು, ಅಕ್ಕ ನಿಂತಲ್ಲೇ ಹೇಳಿಬಿಟ್ಟಳು.

"ಆ ಕ್ಯಾಸೆಟ್ ಚೆನ್ನಾಗಿತ್ತು ಕಣೋ. ನನ್ನ ಕಿವಿ ಕೆಟ್ಟಿತ್ತು. ಆಗಲೇ ಕೆಟ್ಟಿತ್ತು. ನನಗೆ ಗೊತ್ತಿರಲಿಲ್ಲ."

"ಯಾವ ಕ್ಯಾಸೆಟ್?" ಅಂದ ಅವನು. ಆದರೆ ಅವನ ಕೈ ನಿಂತಿತ್ತು.

"ನೀನು ಇನ್ನೊಬ್ಬರಿಗಾದರೂ ಕೇಳಿಸಬಾರದಿತ್ತಾ?"

"ನೀನು ಹೇಳಿದಮೇಲೆ ಇನ್ಯಾರನ್ನ ಕೇಳಲಿ ಅಕ್ಕ? ನೀನು ಸುಳ್ಳು ಹೇಳೋಳಲ್ಲ."

ಅವನು ಬೈಯಲಿ ಎಂದು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಕುರ್ಚಿಯ ಕಾಲನ್ನು ಒತ್ತಿ ಹಿಡಿದುಕೊಂಡೇ ಹೇಳಿದ:

"ರೇಡಿಯೋ ಹೋಗಲಿ ಬಿಡು. ಅದು ಸಿಗ್ತಿತ್ತೋ ಇಲ್ಲವೋ. ಮಗಳು ಹುಟ್ಟಿದಮೇಲೆ, ರಾತ್ರಿ ಕತೆ ಹೇಳಪ್ಪಾ ಅಂತ ಪೀಡಿಸೋಳು. ನಾನು ಹೇಳ್ತಿರಲಿಲ್ಲ. ಅಮ್ಮನ ಹತ್ತಿರ ಹೋಗು ಅಂತಿದ್ದೆ. ನನ್ನ ಮಾತು ಕೇಳಿ ಕೇಳಿ ಮಗುವಿನ ನಾಲಗೆಯೂ ಹಾಗೇ ಆದರೆ ಅಂತ ಹೆದರಿಕೆ."

 ಅಕ್ಕ ಅವನ ಪಕ್ಕದಲ್ಲಿ ನೆಲದ ಮೇಲೇ ಕೂತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ತಾನು ಆಡಿದ್ದು ನಾಲ್ಕು ಮಾತು. ಅದಕ್ಕೆ ಒಂದು ಮಗು ತನ್ನ ಅಪ್ಪನ ಬಾಯಿಂದ ಒಂದೂ ಕತೆ ಕೇಳದೆ ಬೆಳೆದು, ಅವನನ್ನು ಮೌನಿಬಾಬಾ ಅಂತ ಕರೆಯುವಷ್ಟು ದೊಡ್ಡದಾಗಿತ್ತು.

"ನನ್ನ ತಪ್ಪಾಯ್ತು ಮರಿ," ಅಂದಳು.

"ನಿನಗೆ ಗೊತ್ತಿರಲಿಲ್ಲವಲ್ಲ," ಅಂದ ತಮ್ಮ. ಅಂಟಿನ ಡಬ್ಬಿಗೆ ಮುಚ್ಚಳ ಹಾಕಿ, "ಆದರೂ ಇವತ್ತು ನೀನು ಹೋಗು ಅಕ್ಕ. ನಾನು ಒಬ್ಬನೇ ಇರಬೇಕು," ಅಂದ.

ಅವಳು ಎದ್ದು ಹೋದಳು. ಐದು ವಾರ ಅವನು ಅವಳ ಮನೆಯ ಕಡೆ ಬರಲಿಲ್ಲ, ಫೋನೂ ಮಾಡಲಿಲ್ಲ. ಅಷ್ಟರಲ್ಲಿ ಅಕ್ಕ ಕಿವಿ ಡಾಕ್ಟರನ್ನು ಕಂಡಳು, ಕಿವಿಗೆ ಮಿಷನ್ ಹಾಕಿಸಿಕೊಂಡಳು. ಹೆಡ್‌ಫೋನನ್ನು ಸುದ್ದಿಗೆ, ಹಾಡಿಗೆ ಇಟ್ಟುಕೊಂಡಳು. ತಮ್ಮನ ಆ ಓದನ್ನು ಮಾತ್ರ ಮತ್ತೆ ಹಾಕಲು ಕೈ ಬರಲಿಲ್ಲ.

ಆರನೇ ವಾರ ತಮ್ಮ ಬಂದ, ಏನೂ ಆಗಿಲ್ಲವೆಂಬಂತೆ. ಈಗ ಪ್ರತಿ ಗುರುವಾರ ಗೋದಾಮಿನಿಂದ ನೇರವಾಗಿ ಬರುತ್ತಾನೆ. ಒಮ್ಮೆ ಅವಳು ಧೈರ್ಯ ಮಾಡಿ ಪತ್ರಿಕೆ ಮುಂದಿಟ್ಟು, "ಒಂಚೂರು ಓದಿ ಹೇಳ್ತೀಯಾ?" ಅಂದಿದ್ದಳು. ಅವನು ಪತ್ರಿಕೆ ಕೈಗೆ ತಗೊಂಡ, ಎರಡು ಪುಟ ತಿರುವಿದ, "ಬೇಡ ಅಕ್ಕ, ಅಭ್ಯಾಸ ತಪ್ಪಿಹೋಗಿದೆ," ಅಂತ ಮಡಚಿ ಇಟ್ಟ. ಅವಳು ಮತ್ತೆ ಕೇಳಲಿಲ್ಲ. ಅವನು ಅರ್ಧ ಗಂಟೆ ಕೂರುತ್ತಾನೆ, ನಲ್ಲಿ ಸೋರುವುದು ನಿಂತಿತಾ ಅನ್ನುತ್ತಾನೆ, ಮಗಳ ಕೆಲಸದ ಸುದ್ದಿ ಹೇಳುತ್ತಾನೆ, ಬಸ್ಸಿಗೆ ಹೊತ್ತಾಯಿತು ಅನ್ನುತ್ತಾನೆ. ಒಟ್ಟು ಐದಾರು ಮಾತು. ಅವನು ಬರುವ ಹೊತ್ತಿಗೆ ಅಕ್ಕ ಮಿಷನ್ ಹಾಕಿಕೊಂಡು, ಕಿಟಕಿ ಮುಚ್ಚಿ, ಅವನ ಎದುರಿಗೇ ಕೂತಿರುತ್ತಾಳೆ.