ಹದಿನಾಲ್ಕು ಸುತ್ತು

ಚೆನ್ನಯನಿಗೆ ಸಿಟ್ಟು ಬಂದಿತ್ತು. ಬರಬೇಕಾದ ಸಿಟ್ಟೇ ಅದು, ಬಾರದಿದ್ದರೆ ಅವನನ್ನು ಮನುಷ್ಯನೆಂದು ಕರೆಯುವಂತಿರಲಿಲ್ಲ.

ವಿಲೆ ಪಾರ್ಲೆಯ ಕನ್ನಡಿಗರ ಒಂದು ಸಂಘ ಆ ಭಾನುವಾರ ಸಂಜೆ ಶಾಲೆಯೊಂದರ ಹಾಲ್‌ನಲ್ಲಿ ಹಳೆಯ ಮೂಕಿ ಚಿತ್ರ ಹಾಕಿಸಿತ್ತು. ಹೋಟೆಲಿನಿಂದ ಚಹಾ ಹಂಚಲು ಬಂದ ಚೆನ್ನಯ, ಮಗಳು ವಿನೋದಿನಿಯನ್ನೂ ಹಟ ಹಿಡಿದು ಕರೆತಂದಿದ್ದ. ಮಾತಾಡುವ ಚಿತ್ರ, ಟಾಕಿ, ಬಂದು ಹೊಟ್ಟೆಗೆ ಹೊಡೆಯುವ ಮೊದಲು ಅವನು ಗ್ರಾಂಟ್ ರೋಡಿನ ಥಿಯೇಟರಿನಲ್ಲಿ ಚಿತ್ರದ ಮಶೀನಿನ ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತಿದ್ದವನು. ಸೆಕೆಂಡಿಗೆ ಎರಡು ಸುತ್ತು, ಹೆಚ್ಚಿಲ್ಲ, ಕಮ್ಮಿಯಿಲ್ಲ. ಇದೇ ಚಿತ್ರವನ್ನು ಅವನು ತಿಂಗಳುಗಟ್ಟಲೆ ತಿರುಗಿಸಿದ್ದ. ಅದರಲ್ಲೊಬ್ಬ ವೇಟರ್ ತಟ್ಟೆಗಳ ರಾಶಿ ಹೊತ್ತು ಬರುತ್ತಾನೆ, ಸಾಬೂನಿನ ಮೇಲೆ ಕಾಲಿಡುತ್ತಾನೆ, ಆದರೆ ಬೀಳುವುದಿಲ್ಲ. ಹಿಡಿಕೆ ಹದಿನಾಲ್ಕು ಸುತ್ತು ತಿರುಗುವವರೆಗೆ ಸುಮ್ಮನೆ ನಿಂತು ಜನರ ಮುಖ ನೋಡುತ್ತಾನೆ. ಆಮೇಲೆ ಬೀಳುತ್ತಾನೆ. ನಗು ಇರುವುದೇ ಆ ನಿಲ್ಲುವುದರಲ್ಲಿ ಎಂದು ಮಗಳಿಗೆ ಚಿಕ್ಕಂದಿನಿಂದ ಹೇಳಿದ್ದ. ಈಚೆಗೆ ಅವಳು ಚಾಳಿನ ಗೆಳತಿಯರೆದುರು ಅಪ್ಪ ಬಂಡಲ್ ಬಿಡುತ್ತಾರೆ ಎನ್ನತೊಡಗಿದ್ದಳು. ಅದು ಅವನಿಗೆ ಚುಚ್ಚಿತ್ತು.

ಚಿತ್ರ ಶುರುವಾಯಿತು. ಬಾಡಿಗೆಯ ಮಶೀನು ಟಾಕಿಯ ಹೆಚ್ಚಿನ ವೇಗದಲ್ಲೇ ಓಡಿತು. ಪರದೆಯ ಮೇಲಿನ ಜನ ಬಿಸಿ ಕಾವಲಿಯ ಮೇಲೆ ಕಾಲಿಟ್ಟವರಂತೆ ಕುಣಿದಾಡಿದರು. ವೇಟರ್ ಬಂದ, ಬಿದ್ದ. ಅಷ್ಟೇ. ಹಾಲ್ ತುಂಬ ನಗು.

"ಅವ ನಿಲ್ಲಲೇ ಇಲ್ಲವಲ್ಲ ಅಪ್ಪ," ಎಂದಳು ವಿನೋದಿನಿ.

ಚೆನ್ನಯ ಎದ್ದು ಮಶೀನಿನವನ ಬಳಿಗೆ ಹೋಗಿ ನಿಧಾನ ಓಡಿಸು ಎಂದ. ಇದಕ್ಕಿರುವುದು ಒಂದೇ ಸ್ಪೀಡ್ ಎಂದು ಅವನು ತಲೆಯೆತ್ತದೆ ಹೇಳಿದ. ಸಂಘದ ಕಾರ್ಯದರ್ಶಿ ರಮಾನಾಥರು ಓಡಿಬಂದರು. ಜನ ನಗುತ್ತಿದ್ದಾರಲ್ಲ, ನಿನ್ನದೇನು ತಕರಾರು ಎಂದು ಗದರಿದರು.

"ಜನ ನಗುವುದು ಓಡಾಟಕ್ಕೆ ಸಾರ್. ಪಾಪ, ಆ ವೇಟರ್‌ನ ಕೆಲಸ ಯಾರೂ ಕಾಣಲಿಲ್ಲ."

"ನಿನ್ನ ಕೆಲಸ ನೀನು ನೋಡು. ಚಹಾ ತಾ."

ಅಷ್ಟರಲ್ಲಿ ರೀಲು ಮುಗಿದು ದೀಪ ಹತ್ತಿತು. ತನ್ನ ಕೆಲಸ! ಚೆನ್ನಯ ಹಲ್ಲು ಕಚ್ಚಿಕೊಂಡು, ಹೋಟೆಲಿನಲ್ಲಿ ಮಾಡುವಂತೆಯೇ, ಚಹಾ ತುಂಬಿದ ಎಂಟು ಕಪ್ಪು-ಸಾಸರುಗಳನ್ನು ಬೆರಳಿನಿಂದ ಮೊಣಕೈವರೆಗೆ ಎಡಗೈ ಮೇಲೆ ಜೋಡಿಸಿದ. ನೇರ ಪರದೆಯ ಮುಂದೆ ನಡೆದ. ನಟ್ಟ ನಡುವೆ ಅವನ ಬಲಗಾಲು ಜಾರಿತು. ಕಪ್ಪುಗಳು ಗಲಗಲ ಎಂದವು. ಮುಂದಿನ ಸಾಲಿನ ಹೆಂಗಸರು ಸೆರಗು ಬಾಚಿಕೊಂಡರು.

ಅವನು ಬೀಳಲಿಲ್ಲ. ಒಂದು ಕಾಲನ್ನು ಗಾಳಿಯಲ್ಲಿಟ್ಟು ನಿಂತ, ಜನರ ಮುಖ ನೋಡಿದ. ಮುಖದಲ್ಲಿ ನಗುವಿಲ್ಲ, ಬರೀ ಸಿಟ್ಟು. ಹಾಲ್ ಉಸಿರು ಬಿಗಿಹಿಡಿಯಿತು. ಹಿಂದೆಲ್ಲೋ ಒಬ್ಬ ಕಿಸಕ್ಕೆಂದ, ಇನ್ನೊಬ್ಬ ತಡೆಯಲಾರದೆ ನಕ್ಕ, ಆಮೇಲೆ ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನು ಕಾಲು ಮೆಲ್ಲಗೆ ಕೆಳಗಿಟ್ಟ. ಒಂದು ಹನಿಯೂ ಚೆಲ್ಲಿರಲಿಲ್ಲ.

ಕಣ್ಣೊರೆಸಿಕೊಳ್ಳುತ್ತ ರಮಾನಾಥರು, ಇನ್ನೊಮ್ಮೆ ಮಾಡು ಎಂದರು.

"ಚಹಾ ಆರ್ತದೆ," ಎಂದ ಚೆನ್ನಯ, ಅವರತ್ತ ನೋಡದೆ.

ವಿನೋದಿನಿ ಎದ್ದುಬಂದು ಅವನ ಕೈಯಿಂದ ನಾಲ್ಕು ಕಪ್ಪು ಇಳಿಸಿಕೊಂಡಳು. ಅವಳು ನಗುತ್ತಿರಲಿಲ್ಲ, ತುಟಿಗಳು ಮಾತ್ರ ಇನ್ನೂ ಏನನ್ನೋ ಲೆಕ್ಕ ಹಾಕುತ್ತಿದ್ದವು.

"ಹದಿನಾಲ್ಕು ಸುತ್ತು," ಎಂದಳು. "ಸರಿಯಾಗಿ ಹದಿನಾಲ್ಕೇ ಅಪ್ಪ."